ಗೋಡೆಯ ಹಿಂದಿನ ಶುಕ್ರವಾರಗಳು

ಸೆಪ್ಟೆಂಬರ್ 3, ಮಂಗಳವಾರ

ಈ ನೋಟ್‌ಬುಕ್ಕು ನನ್ನ ಗಂಡನದು, ಇವರು ಕೆಲಸ ಮಾಡುತ್ತಿದ್ದ ಬಸ್ ಡಿಪೋದಲ್ಲಿ ಕೊಟ್ಟದ್ದು. ಮೊದಲ ನಾಲ್ಕು ಪುಟಗಳಲ್ಲಿ ಬಸ್ಸುಗಳ ನಂಬರು, ಯಾವುದಕ್ಕೆ ಬ್ರೇಕು, ಯಾವುದಕ್ಕೆ ಬೆಲ್ಟು ಎಂದು ಇವರ ಓರೆ ಅಕ್ಷರದಲ್ಲಿದೆ. ಐದನೆಯ ಪುಟದಿಂದ ನಾನು ಬರೆಯುತ್ತಿದ್ದೇನೆ. ಯಾರಿಗೂ ತೋರಿಸಲಿಕ್ಕಲ್ಲ. ಈ ಮನೆಯಲ್ಲಿ ನಡೆಯುವುದನ್ನು ಯಾರಾದರೂ ಒಬ್ಬರು ಬರೆದಿಡಬೇಕು ಅನಿಸಿತು.

ನನ್ನ ಗಂಡ ಓರಿನ್‌ಬಾಯ್ ತೀರಿಕೊಂಡು ಹತ್ತು ತಿಂಗಳಾಯಿತು. ಅಕ್ಟೋಬರ್ ಕೊನೆಯ ಭಾನುವಾರ ವರ್ಷದ ಊಟ ಹಾಕಬೇಕು.

ಅದನ್ನು ಮಾತಾಡಲೆಂದು ಇವತ್ತು ಮೈದುನ ತೊಲೆಗೆನ್, ಅವನ ಹೆಂಡತಿ ಜಿಬೆಕ್ ಬಂದಿದ್ದರು. ಜಿಬೆಕ್ ಕೋಟು ಬಿಚ್ಚುವುದಕ್ಕೂ ಮೊದಲು ಅಡುಗೆಮನೆಯ ಗೋಡೆ ನೋಡಿದಳು.

"ಅಕ್ಕಾ, ಅಷ್ಟು ಜನ ಹಿರಿಯರು ಬರ್ತಾರೆ. ಈ ಹಳದಿ ಗ್ಯಾಸ್ ಪೈಪು ನೋಡಿ, ಗೋಡೆ ತುಂಬಾ ಹಾವು ಹರಿದ ಹಾಗೆ. ನಂಗೇ ನಾಚಿಕೆ ಆಗುತ್ತೆ."

"ಗೋಡೆ ನಂದು. ನಾಚಿಕೆ ನಿಂಗ್ಯಾಕೆ?" ಅಂದೆ.

ತೊಲೆಗೆನ್ ನಕ್ಕ. ನಗುತ್ತಾ ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂರಲು ಹೋದ. ಅದು ಇವರ ಸ್ಟೂಲು. "ಅಲ್ಲಿ ಬೇಡ" ಅಂದೆ. ಹಿಂದೆ ಸರಿದು ಬಾಗಿಲಿಗೆ ಒರಗಿ ನಿಂತ. ಚಹಾವನ್ನೂ ನಿಂತೇ ಕುಡಿದ.

ಹೋದ ವರ್ಷ ವಸಂತದಲ್ಲಿ ಇವರೇ ನಾಲ್ಕು ಜಿಪ್ಸಮ್ ಹಲಗೆ ತಂದಿದ್ದರು. ಆ ಪೈಪು ಮರೆಮಾಡಿ ಗೋಡೆ ನುಣುಪು ಮಾಡುತ್ತೇನೆ ಅಂತ. ಹಲಗೆಗಳು ಇನ್ನೂ ಬೀರುವಿನ ಹಿಂದೆಯೇ ನಿಂತಿವೆ. ತೊಲೆಗೆನ್‌ಗೆ ಅದು ಗೊತ್ತು. ಜಿಪ್ಸಮ್ ಗೋಡೆ ಕೂರಿಸುವುದೇ ಅವನ ಕಸುಬು. "ಅಣ್ಣ ತಂದಿಟ್ಟಿದ್ದೇ ಹಾಕ್ತೀನಿ ಅತ್ತಿಗೆ. ಹೊಸದೊಂದೂ ಬೇಡ" ಅಂದ. ಅದಕ್ಕೆ ನಾನು ಬೇಡ ಅನ್ನಲಾಗಲಿಲ್ಲ.

ಅವರು ಹೋದ ಮೇಲೆ ಯೋಚಿಸಿದೆ. ಅವರ ಮನೆ ಒಂದೂವರೆ ಕೋಣೆ, ಇರುವುದು ನಾಲ್ಕು ಜನ. ನನಗೆ ಮೂರು ಕೋಣೆ, ಇರುವುದು ಒಬ್ಬಳು. ನನ್ನ ಗೋಡೆಯ ಮೇಲೆ ಆ ಗಂಡ ಹೆಂಡತಿಗೇಕೆ ಇಷ್ಟು ಅಕ್ಕರೆ?


ಸೆಪ್ಟೆಂಬರ್ 9, ಸೋಮವಾರ

ಕೆಲಸ ಶುರುವಾಯಿತು. ಬೆಳಿಗ್ಗೆಯಿಂದ ಗೋಡೆಗೆ ತಗಡಿನ ಪಟ್ಟಿ ಹೊಡೆಯುತ್ತಿದ್ದಾನೆ. ನಾನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತೆ. ನೋಡುವವರು ಇರಬೇಕು.

ಮಧ್ಯಾಹ್ನ ಮೊಣಕಾಲೂರಿ ಫ್ರಿಜ್ಜಿನ ಪಕ್ಕದ ಮೂಲೆಯಲ್ಲಿ ಕೈಯಾಡಿಸುತ್ತಿದ್ದ. ಅಲ್ಲಿ ಪೈಪಿನಿಂದ ಒಂದು ಗೇಣುದ್ದದ ಕವಲು ಹೊರಟು ನಿಂತಿದೆ. ಮೊದಲು ಅದು ನೀರು ಕಾಯಿಸುವ ಬಾಯ್ಲರಿಗೆ ಹೋಗುತ್ತಿತ್ತು. ಐದು ವರ್ಷದ ಹಿಂದೆ ಬಾಯ್ಲರ್ ಕೆಟ್ಟಾಗ ಇವರೇ ಅದನ್ನು ಕಿತ್ತು, ಕವಲಿನ ತುದಿಗೆ ಸೋರದ ಹಾಗೆ ಅಗಸೆ ನಾರು ಸುತ್ತಿ, ಬಣ್ಣ ಬಳಿದು, ಮುಚ್ಚಳ ತಿರುಗಿಸಿ ಬಿಗಿದರು. ಗ್ಯಾಸ್ ಕಚೇರಿಯವರನ್ನು ಕರೆಯಲಿಲ್ಲ. ಪರರ ಕೈ ತನ್ನ ಮನೆಯಲ್ಲಿ ಆಡುವುದು ಇವರಿಗೆ ಆಗುತ್ತಿರಲಿಲ್ಲ.

"ಅತ್ತಿಗೆ, ಇದನ್ನ ಕತ್ತರಿಸಿ ವೆಲ್ಡ್ ಮಾಡಿಸೋಣ. ಗೋಡೆ ಹಿಂದೆ ತಿರುಪು ಹಾಕಿದ ಜೋಡಣೆ ಇರಬಾರ್ದು. ನಮ್ಮ ಕಸುಬಲ್ಲಿ ಅದೊಂದೇ ಕಟ್ಟಳೆ."

"ಇವರ ಕೈ ಕಟ್ಟಿದ್ದನ್ನ ಬಿಚ್ಚೋಕೆ ನೀನ್ಯಾರು?"

"ಬಿಚ್ಚೋದಲ್ಲ ಅತ್ತಿಗೆ..."

"ನಾನು ಸತ್ತ ಮೇಲೆ ಬಿಚ್ಚು. ಐದು ವರ್ಷ ಏನೂ ಆಗಿಲ್ಲ. ಇದ್ದ ಹಾಗೇ ಇರಲಿ."

ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಅವನು ಇನ್ನೂ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದ. ಸುಮ್ಮನಾಗಲೇಬೇಕು. ನಮ್ಮ ಅತ್ತೆ ಹಾಕಿಕೊಟ್ಟ ಕ್ರಮ ಅದು. ವರ್ಷದ ಊಟ ಮುಗಿಯುವವರೆಗೆ ಸತ್ತವರ ಬಗ್ಗೆ ಆ ಮನೆಯೊಳಗೆ ತಪ್ಪೆಣಿಸುವ ಒಂದು ಮಾತೂ ಆಡುವಂತಿಲ್ಲ. ಅದನ್ನು ಕೇಳಿಕೊಂಡೇ ಬೆಳೆದವನು ಅವನು.


ಸೆಪ್ಟೆಂಬರ್ 13, ಶುಕ್ರವಾರ

ಏಳು ಶೆಲ್ಪೆಕ್ ರೊಟ್ಟಿ ಕರಿದೆ. ಶುಕ್ರವಾರ ಶುಕ್ರವಾರ ಕಾದ ಎಣ್ಣೆಯ ವಾಸನೆ ಎಬ್ಬಿಸಿದರೆ ಹೋದವರಿಗೆ ಅದು ತಲುಪುತ್ತದೆ, ಅವರ ಹೊಟ್ಟೆ ತಣ್ಣಗಾಗುತ್ತದೆ. ಹತ್ತು ತಿಂಗಳಲ್ಲಿ ಒಂದು ಶುಕ್ರವಾರವೂ ತಪ್ಪಿಸಿಲ್ಲ. ರೊಟ್ಟಿಗಳನ್ನು ಏಳು ಮನೆಗೆ ಹಂಚಿದೆ.

ಮೇಲಿನ ಮನೆಯ ಗುಲ್ಸುಮ್ ಅಜ್ಜಿ ಬಾಗಿಲಲ್ಲೇ ಕಾಯುತ್ತಿದ್ದಳು. "ನಿನ್ನ ಶುಕ್ರವಾರ ನಂಗೆ ಗುರುವಾರವೇ ಮೂಗಿಗೆ ಬಡಿಯುತ್ತೆ ಕಣೆ. ನಿನ್ ಗಂಡನೂ ಇಷ್ಟೇ, ಮೊಂಡ. ಬಾಯ್ಲರ್ ರಿಪೇರಿಗೆ ನನ್ನ ಅಳಿಯನ್ನ ಕರೀ ಅಂದ್ರೆ..."

"ಅಜ್ಜೀ, ವರ್ಷ ಆಗಿಲ್ಲ ಇನ್ನೂ" ಅಂದೆ.

ಅವಳು ನಾಲಿಗೆ ಕಚ್ಚಿಕೊಂಡಳು. ರೊಟ್ಟಿ ಮಾತ್ರ ಬಿಸಿಯಿರುವಾಗಲೇ ಮುರಿದಳು.


ಸೆಪ್ಟೆಂಬರ್ 17, ಮಂಗಳವಾರ

ಗೋಡೆ ಮುಗಿಯಿತು. ಬಿಳಿ ಬಣ್ಣ ಆಗಿದೆ. ಚೆನ್ನಾಗಿಲ್ಲ ಅನ್ನುವ ಹಾಗಿಲ್ಲ. ಆದರೆ ಮೇಲೊಂದು, ಕೆಳಗೊಂದು ಜಾಲರಿ ಇಟ್ಟಿದ್ದಾನೆ. ನುಣ್ಣಗಿನ ಗೋಡೆಯಲ್ಲಿ ಎರಡು ಬಾಯಿ. ಸಾಲದು ಎಂದು ಫ್ರಿಜ್ಜಿನ ಪಕ್ಕ, ನೆಲದಿಂದ ಎರಡು ಗೇಣು ಮೇಲೆ, ನಾಲ್ಕು ಸ್ಕ್ರೂ ಹಾಕಿದ ಒಂದು ಪುಟ್ಟ ಬಾಗಿಲು. ಗ್ಯಾಸ್ ನಿಲ್ಲಿಸುವ ದೊಡ್ಡ ಕವಾಟವನ್ನು ಮಾತ್ರ ಗೋಡೆಯ ಹೊರಗೇ ಬಿಟ್ಟಿದ್ದಾನೆ.

"ಪೈಪು ಮುಚ್ಚು ಅಂದ್ರೆ ಮನೆ ತುಂಬ ತೂತು ಮಾಡಿದೀಯಲ್ಲ."

"ಗೋಡೆ ಹಿಂದೆ ಗಾಳಿ ಆಡ್ಬೇಕು ಅತ್ತಿಗೆ. ಅದು ಉಸಿರಾಡ್ತಾ ಇದ್ರೇ ನಾವೂ ಉಸಿರಾಡ್ತೀವಿ. ಜಾಲರಿ ಮುಚ್ಚಬೇಡಿ, ಏನೂ ಒರಗಿಸ್ಬೇಡಿ."

"ಈ ಬಾಗಿಲು?"

"ಅದು... ಯಾವತ್ತಾದ್ರೂ ನೋಡ್ಬೇಕಾದ್ರೆ ಇರಲಿ ಅಂತ."

ಹೇಳುವಾಗ ನನ್ನ ಮುಖ ನೋಡಲಿಲ್ಲ. ಇನ್ನೊಬ್ಬರ ಮನೆಯ ಗೋಡೆಯಲ್ಲಿ ತನಗೊಂದು ಬಾಗಿಲು ಮಾಡಿಕೊಂಡವನನ್ನು ಏನೆಂದು ಕರೆಯಬೇಕು?


ಸೆಪ್ಟೆಂಬರ್ 20, ಶುಕ್ರವಾರ

ತೊಲೆಗೆನ್ ಕರೆಯದೆ ಬಂದ. ನಾನು ರೊಟ್ಟಿ ಹಂಚಲು ಮೇಲೆ ಹೋಗಿ ಬರುವಷ್ಟರಲ್ಲಿ ಅಡುಗೆಮನೆಯಲ್ಲಿ ಮೊಣಕಾಲೂರಿದ್ದ. ಸ್ಕ್ರೂ ತಿರುಗುವ ಕಿರ್ ಕಿರ್ ಶಬ್ದ ಹೊರಬಾಗಿಲಿಗೇ ಕೇಳಿಸಿತು. ನನ್ನನ್ನು ಕಂಡು ಎದ್ದು ಬಟ್ಟೆ ಝಾಡಿಸಿಕೊಂಡ.

"ಏನೋ ಅದು?"

"ಏನಿಲ್ಲ ಅತ್ತಿಗೆ, ಬಣ್ಣ ಒಣಗಿದ್ಯಾ ನೋಡ್ದೆ."

ಬಣ್ಣ ನೋಡಲು ಸ್ಕ್ರೂ ಬಿಚ್ಚುತ್ತಾರೆಯೇ?

ಅವನು ಹೋದ ಮೇಲೆ ಬಚ್ಚಲುಮನೆಗೆ ಹೋದೆ. ಗಾಜಿನ ಲೋಟದಲ್ಲಿ ಇವರ ಗಡ್ಡದ ಬ್ರಷ್ ಇಲ್ಲ. ಹತ್ತು ತಿಂಗಳಿಂದ ಅಲ್ಲೇ ಇತ್ತು. ನಾನು ಧೂಳು ಒರೆಸಲೂ ಎತ್ತುತ್ತಿರಲಿಲ್ಲ. ಮನೆಯಿಡೀ ಹುಡುಕಿದೆ.


ಸೆಪ್ಟೆಂಬರ್ 21, ಶನಿವಾರ

ಬ್ರಷ್ ಸಿಗಲಿಲ್ಲ.


ಸೆಪ್ಟೆಂಬರ್ 25, ಬುಧವಾರ

ಮೇಲಿನ ಜಾಲರಿಯಿಂದ ಕುತ್ತಿಗೆಗೆ ತಣ್ಣನೆ ಗಾಳಿ ಹೊಡೆಯುತ್ತದೆ. ಚಹಾ ಕುಡಿಯಲು ಕುಳಿತರೆ ಯಾರೋ ಬೆನ್ನ ಹಿಂದೆ ಉಸಿರುಬಿಟ್ಟ ಹಾಗೆ. ನನ್ನ ತಾಯಿ ಕಸೂತಿ ಮಾಡಿದ ಗೋಡೆಹಾಸನ್ನು ಪೆಟ್ಟಿಗೆಯಿಂದ ತೆಗೆದು ಅದರ ಮೇಲೆ ತೂಗುಹಾಕಿದೆ. ಉದ್ದವಾಗಿದೆ, ಎರಡು ಜಾಲರಿಗೂ ಸಾಕಾಯಿತು. ಈಗ ಅದು ಮನೆಯ ಗೋಡೆಯಂತೆ ಕಾಣುತ್ತದೆ.

ತೊಲೆಗೆನ್‌ನ ಹೆಸರನ್ನು ಇಲ್ಲಿ ಎಷ್ಟು ಸಲ ಬರೆದಿದ್ದೇನೆ ಎಂದು ಈಗ ನೋಡಿದೆ. ಮದುವೆಯಾಗಿ ಬಂದವಳು ಗಂಡನ ಕಡೆಯವರ ಹೆಸರು ಹಿಡಿದು ಕರೆಯಬಾರದು, ತಾನೇ ಒಂದೊಂದು ಹೆಸರಿಡಬೇಕು. ನಾನು ಬಂದಾಗ ಅವನಿಗೆ ಒಂಬತ್ತು ವರ್ಷ. ಬೋಳುತಲೆ, ಹಣೆಯ ಮೇಲೆ ಮಾತ್ರ ಒಂದು ಗೊಂಚಲು ಕೂದಲು. ಜುಟ್ಟಪ್ಪ ಅಂತ ಕರೆದೆ. ಮೂವತ್ತೊಂದು ವರ್ಷ ಹಾಗೇ ಕರೆದೆ. ಮಣ್ಣು ಮಾಡಿ ಬಂದ ದಿನದಿಂದ ಆ ಹೆಸರು ಬಾಯಿಗೆ ಬರುತ್ತಿಲ್ಲ. ಕರೆಯುತ್ತಿದ್ದಾಗ ಪಕ್ಕದಲ್ಲಿ ನಗುವವರು ಇದ್ದರು.


ಸೆಪ್ಟೆಂಬರ್ 27, ಶುಕ್ರವಾರ

ಮತ್ತೆ ಬಂದ. ಗೋಡೆಹಾಸು ನೋಡಿ ಮುಖ ಬಿಳಿಚಿಕೊಂಡಿತು. ಅದನ್ನು ತೆಗೆದು, ಮಡಿಸಿ, ಮೇಜಿನ ಮೇಲಿಟ್ಟ.

"ಇಲ್ಲಿ ಬೇಡ ಅತ್ತಿಗೆ. ಆ ಕೋಣೆಯಲ್ಲಿ ಹಾಕಿಕೊಡ್ತೀನಿ."

"ನನ್ನ ತಾಯಿಯ ಕೈಕೆಲಸ ನಿನ್ನ ಗೋಡೆಗೆ ಭಾರ ಆಯ್ತಾ?"

"ಅಯ್ಯೋ ದೇವರೇ" ಅಂದ, ತನ್ನಷ್ಟಕ್ಕೆ.

ಶನಿವಾರ ಮತ್ತೆ ತೂಗುಹಾಕುತ್ತೇನೆ.


ಅಕ್ಟೋಬರ್ 4, ಶುಕ್ರವಾರ

ಅವನು ಹಾಸು ತೆಗೆದ. ಮೊಣಕಾಲೂರಿದ. ಕಿರ್ ಕಿರ್. ನಾನು ಕೋಣೆಯಲ್ಲಿ ಕುಳಿತು ಎಣಿಸಿದೆ, ಹನ್ನೆರಡು ನಿಮಿಷ. ಇವರ ಏನನ್ನು ಅಲ್ಲಿ ಬಚ್ಚಿಟ್ಟಿದ್ದಾನೆ? ಮನೆಪತ್ರಗಳನ್ನು ತೆಗೆದು ನೋಡಿದೆ. ಎಲ್ಲ ಇವೆ. ಆದರೂ.


ಅಕ್ಟೋಬರ್ 7, ಸೋಮವಾರ

ಬೆಳಿಗ್ಗೆ ಅಡುಗೆಮನೆಯಲ್ಲಿ ಒಂದು ವಾಸನೆ. ಕೊಳೆತ ಮೊಟ್ಟೆಯದು ಅನ್ನಲೋ, ಹಸಿ ಬೆಳ್ಳುಳ್ಳಿಯದು ಅನ್ನಲೋ. ಗೋಡೆಹಾಸಿನ ಅಂಚಿನಲ್ಲಿ ಸ್ವಲ್ಪ ಹೆಚ್ಚು. ಗುಲ್ಸುಮ್ ಅಜ್ಜಿಯನ್ನು ಕೆಳಗೆ ಕರೆದೆ.

ಅವಳು ಮೂಗನ್ನು ಗಾಳಿಗೆ ಒಡ್ಡಿ ಎರಡು ಸುತ್ತು ಹಾಕಿದಳು. "ಶೆಲ್ಪೆಕ್ ವಾಸನೆ ಬಿಟ್ರೆ ಬೇರೇನಿಲ್ಲ. ಗೋಡೆಗೇ ಎಣ್ಣೆ ಕುಡಿಸಿದೀಯ. ನಿಂದು ಚಪ್ಪಲಿ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಅಂಟು ಮೂಸಿದ ಮೂಗು. ಅದನ್ನ ನಂಬ್ತೀಯಾ?"

"ಬರ್ತಿದೆ ಅಜ್ಜಿ."

"ದುಃಖಕ್ಕೂ ವಾಸನೆ ಇರುತ್ತೆ ಮಗಳೆ. ನಂಗೂ ಎರಡು ವರ್ಷ ಬರ್ತಿತ್ತು, ನನ್ನ ಗಂಡ ಸೇದ್ತಿದ್ದ ಬೀಡಿದು."

ಅವಳು ಹೋದ ಮೇಲೆ ಹಾಸಿನ ಅಂಚುಗಳನ್ನು ಗುಂಡುಪಿನ್ನಿನಿಂದ ಗೋಡೆಗೆ ಒತ್ತಿದೆ. ವಾಸನೆ ನಿಂತಿತು. ಅವನು ಗೋಡೆಯ ಸಂದಿಗೆ ಮೆತ್ತಿದ ಅಗ್ಗದ ಪುಟ್ಟಿಯದೇ ಇರಬೇಕು.


ಅಕ್ಟೋಬರ್ 11, ಶುಕ್ರವಾರ

ಇವತ್ತಿನದನ್ನು ಬರೆಯಲೇಬೇಕು.

ಗಂಡ ಹೆಂಡತಿ ಇಬ್ಬರೂ ಬಂದರು. ನಾನು ರೊಟ್ಟಿ ಮುಗಿಸಿ ಒಲೆ ಆರಿಸಿದ್ದೆ. ನನ್ನ ಮುಖ ಬಾಡಿದೆ, ಕಣ್ಣು ಬಿದ್ದಿದೆ ಅಂತ ಜಿಬೆಕ್ ದೃಷ್ಟಿ ತೆಗೆಯುವ ಒಣಗಿದ ಅದ್ರಸ್ಪಾನ್ ಸೊಪ್ಪು ತಂದಿದ್ದಳು. ಅವನು ಎಂದಿನಂತೆ ಹಾಸು ತೆಗೆಯಲು ಅಡುಗೆಮನೆಗೆ ಹೋದ, ಬಾಗಿಲು ಎಳೆದುಕೊಂಡ. ನಾವು ಕೋಣೆಯಲ್ಲಿದ್ದೆವು. ಅವಳು ಸೊಪ್ಪಿಗೆ ಬೆಂಕಿ ಹಚ್ಚಿ, ಬಾಣಲೆಯಲ್ಲಿಟ್ಟುಕೊಂಡು, ಹೊಗೆ ಆಡಿಸುತ್ತಾ ಕೋಣೆಯಿಂದ ಕೋಣೆಗೆ ನಡೆದಳು. ಅಡುಗೆಮನೆಯ ಬಾಗಿಲು ತಳ್ಳಿದ್ದೇ ತಡ, ಅವನು ನೆಲದಿಂದ ಹಾರಿ ಎದ್ದ. ಅವಳ ಕೈಯಿಂದ ಬಾಣಲೆ ಕಿತ್ತುಕೊಂಡು ಹೊರಗೆ ಓಡಿ, ಬಚ್ಚಲಿಗೆ ಎಸೆದು ನೀರು ಬಿಟ್ಟ. ಚುಂಯ್ ಎಂದು ಮನೆಯೆಲ್ಲ ಹೊಗೆ.

"ಏನ್ರೀ ನಿಮಗೆ ಬಂದಿದ್ದು!" ಜಿಬೆಕ್ ಕಿರುಚಿದಳು. "ಅಕ್ಕನ ಒಳ್ಳೇದಕ್ಕೆ ಹಚ್ಚಿದ್ದು!"

"ಒಳ್ಳೇದಕ್ಕೆ ಅಂತೆ! ಬುದ್ಧಿ ಇದ್ಯಾ ನಿಂಗೆ, ಗ್ಯಾಸ್..." ಎಂದವನು ನನ್ನನ್ನು ನೋಡಿ ಮಾತು ನುಂಗಿದ. ಕಿಟಕಿಗಳನ್ನೆಲ್ಲ ತೆರೆದ. ದೊಡ್ಡ ಕವಾಟ ತಿರುಗಿಸಿ ನಿಲ್ಲಿಸಿ, ಅದರ ಹಿಡಿಯನ್ನೇ ಬಿಚ್ಚಿ ಜೇಬಿಗೆ ಹಾಕಿಕೊಂಡ.

"ಅತ್ತಿಗೆ, ಒಲೆಗೆ ಹೋಗೋ ರಬ್ಬರ್ ನಳಿಕೆ ಬಿರುಕು ಬಿಟ್ಟಿದೆ. ಮುಂದಿನ ಶನಿವಾರ ಸರಿ ಮಾಡಿಸ್ತೀನಿ. ಅಲ್ಲೀವರೆಗೆ ಬೆಂಕಿ ಬೇಡ. ಕರೆಂಟಿನ ಒಲೆ ತಂದುಕೊಡ್ತೀನಿ. ಕೈ ಮುಗೀತೀನಿ, ಗೋಡೆಗೆ ಏನೂ ಹಾಕ್ಬೇಡಿ."

ನಳಿಕೆಯನ್ನು ನಾನು ನೋಡಿದೆ. ಒಂದು ಗೆರೆ ಕೂಡ ಇಲ್ಲ. ಅವನು ನನ್ನ ಮುಖಕ್ಕೇ ಸುಳ್ಳು ಹೇಳಿದ.

ಹೋಗುವಾಗ ಜಿಬೆಕ್ ಮೆಲ್ಲಗೆ, "ಬೇಕಾದ್ರೆ ವರ್ಷದ ಊಟ ನಮ್ಮನೇಲೇ ಇಟ್ಕೊಳ್ಳೋಣ ಅಕ್ಕಾ, ನಿಮಗ್ಯಾಕೆ ತೊಂದರೆ" ಅಂದಳು.

ಈಗ ಎಲ್ಲ ಗೊತ್ತಾಯಿತು. ಮೊದಲು ಗೋಡೆ, ಆಮೇಲೆ ಬೆಂಕಿ, ಆಮೇಲೆ ಊಟ. ಕೊನೆಗೆ ಮನೆ.


ಅಕ್ಟೋಬರ್ 16, ಬುಧವಾರ

ಗ್ಯಾಸ್ ಕಚೇರಿಗೆ ಫೋನ್ ಮಾಡಿದೆ. ಒಬ್ಬ ಮನುಷ್ಯ ನನ್ನ ಮನೆಯ ಪೈಪಿನ ಮೇಲೆ ಗೋಡೆ ಕಟ್ಟಿ, ಕವಾಟದ ಹಿಡಿ ಒಯ್ದಿದ್ದಾನೆ ಎಂದು ಹೇಳಿದೆ. ಹೆಸರು ಕೇಳಿದರು. ಹೇಳಿದೆ. ಶುಕ್ರವಾರ ಬರುತ್ತಾರಂತೆ.

ಕರೆಂಟಿನ ಒಲೆಯಲ್ಲಿ ಇವತ್ತು ಚಹಾ ಆಗಲು ಅರ್ಧ ಗಂಟೆ.


ಅಕ್ಟೋಬರ್ 18, ಶುಕ್ರವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಹಿಟ್ಟು ನಾದಿದೆ. ಕರೆಂಟಿನ ಒಲೆಯಲ್ಲಿ ಎಣ್ಣೆ ಕಾಯಲೇ ಇಲ್ಲ, ರೊಟ್ಟಿ ಎಣ್ಣೆ ಕುಡಿದು ಜೋತುಬಿತ್ತು. ವಾಸನೆಯೇ ಏಳದ ರೊಟ್ಟಿ ಯಾರಿಗೆ ತಲುಪುತ್ತದೆ? ಇವರ ಉಪಕರಣದ ಪೆಟ್ಟಿಗೆಯಿಂದ ಇಕ್ಕಳ ತೆಗೆದೆ. ಕವಾಟದ ಹಿಡಿ ಕೂರುತ್ತಿದ್ದ ಮೊಳೆಯನ್ನು ಅದರಿಂದ ಹಿಡಿದು ತಿರುಗಿಸಿದೆ. ಗಟ್ಟಿಯಿತ್ತು, ಆದರೂ ತಿರುಗಿತು. ಒಲೆ ಹಚ್ಚಿದೆ. ಗೋಡೆಹಾಸು ಗೋಡೆಯ ಮೇಲೇ ಇತ್ತು. ಅವನು ತೆಗೆದಿಟ್ಟದ್ದನ್ನು ಹೋದ ಶನಿವಾರವೇ ಮತ್ತೆ ಹಾಕಿದ್ದೆ, ಗುಂಡುಪಿನ್ನಿನ ಸಮೇತ.

ನಾಲ್ಕು ರೊಟ್ಟಿ ಕರಿದಿದ್ದೆ. ಆಗ ಗಂಟೆ ಬಾರಿಸಿತು. ಗ್ಯಾಸ್ ಕಚೇರಿಯ ಹೆಂಗಸು. ನಲವತ್ತು ದಾಟಿರಬಹುದು, ಹೆಸರು ಜೌರೆ. ಒಳಗೆ ಕಾಲಿಟ್ಟವಳೇ ಅಂದಳು, "ಅಬ್ಬಾ ಅಮ್ಮಾ, ಈ ಘಮದಲ್ಲಿ ಆನೆ ಸತ್ತುಬಿದ್ರೂ ಗೊತ್ತಾಗಲ್ಲ. ಎಲ್ಲಿ ಆ ಗೋಡೆ?"

ಅಡುಗೆಮನೆಗೆ ಬಂದು ಹಾಸು ನೋಡಿದಳು. ಅಂಚಿನ ಒಂದು ಪಿನ್ನು ಕಿತ್ತು, ಅದರ ಹಿಂದೆ ತನ್ನ ಯಂತ್ರದ ಮೂತಿ ತೂರಿಸಿದಳು. ಯಂತ್ರ ಕೀರಲು ದನಿಯಲ್ಲಿ ಕೂಗಲು ಶುರುಮಾಡಿತು, ನಿಲ್ಲಲೇ ಇಲ್ಲ.

"ಒಲೆ ಆರಿಸಿ. ಈಗ್ಲೇ. ಸ್ವಿಚ್ಚು ಮುಟ್ಬೇಡಿ."

ಅವಳ ದನಿ ಏರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ಆರಿಸಿದೆ. ಅವಳು ಒಲೆಯ ಪಕ್ಕದಲ್ಲಿದ್ದ ಇಕ್ಕಳ ತೆಗೆದುಕೊಂಡು ಕವಾಟ ನಿಲ್ಲಿಸಿದಳು, ಕಿಟಕಿ ತೆರೆದಳು, ಹಾಸನ್ನು ಎಳೆದು ತೆಗೆದಳು. ನನ್ನನ್ನು ಹೊರಗೆ ಮೆಟ್ಟಿಲ ಮೇಲೆ ಕೂರಿಸಿದಳು. ತುಂಬಾ ಹೊತ್ತಾದ ಮೇಲೆ ಒಳಗೆ ಕರೆದಳು. ಯಂತ್ರ ಸುಮ್ಮನಾಗಿತ್ತು.

"ಈ ಗೋಡೆ ಕಟ್ಟಿದ್ಯಾರು?"

"ನನ್ನ ಮೈದುನ. ದೂರಿನಲ್ಲಿ ಹೆಸರಿದೆ." ಕಳ್ಳನ ಹೆಸರು ಹೇಳುವವಳ ಹಾಗೇ ಹೇಳಿದೆ.

"ಅವರ ಕೈಗೆ ಮುತ್ತಿಡ್ಬೇಕು ನೀವು. ಮೇಲೆ ಕೆಳಗೆ ಜಾಲರಿ, ಕವಾಟ ಹೊರಗೆ, ನೋಡೋಕೆ ಬಾಗಿಲು. ನಾನು ದಿನಕ್ಕೆ ಹತ್ತು ಮನೆ ನೋಡ್ತೀನಿ. ಒಂಬತ್ತರಲ್ಲಿ ಶವಪೆಟ್ಟಿಗೆಗೆ ಮುಚ್ಚಳ ಹೊಡೆದ ಹಾಗೆ ಹೊಡೆದಿರ್ತಾರೆ. ಜಾಲರಿ ಮುಚ್ಚಿದ್ಯಾರು?"

ಅವಳು ಹಾಸನ್ನು ನೋಡಿದಳು, ಗುಂಡುಪಿನ್ನು ನೋಡಿದಳು, ನನ್ನನ್ನು ನೋಡಿದಳು.

ಆಮೇಲೆ ಮೊಣಕಾಲೂರಿ ನಾಲ್ಕು ಸ್ಕ್ರೂ ಬಿಚ್ಚಿದಳು. ಪುಟ್ಟ ಬಾಗಿಲು ಕೈಗೆ ಬಂತು. ಒಳಗೆ ಆ ಕವಲು, ಅದರ ತುದಿಯ ಮುಚ್ಚಳ. ಪಕ್ಕದಲ್ಲಿ ತಗಡಿನ ಡಬ್ಬಿಯಲ್ಲಿ ಸಾಬೂನು. ಡಬ್ಬಿಯೊಳಗೆ ನಿಂತಿತ್ತು, ಇವರ ಗಡ್ಡದ ಬ್ರಷ್.

ಜೌರೆ ಅದನ್ನು ಒದ್ದೆ ಮಾಡಿ, ನೊರೆ ಎಬ್ಬಿಸಿ, ಮುಚ್ಚಳದ ಸುತ್ತ ಬಳಿದಳು. ಕವಾಟವನ್ನು ಒಂದೇ ಒಂದು ಗಳಿಗೆ ತಿರುಗಿಸಿದಳು. ನೊರೆಯಲ್ಲಿ ಒಂದು ಗುಳ್ಳೆ ಎದ್ದಿತು. ದೊಡ್ಡದಾಯಿತು. ಒಡೆಯಿತು. ಇನ್ನೊಂದು ಎದ್ದಿತು.

"ನಾರು ಒಣಗಿ ಹೋಗಿದೆ. ಯಾರೋ ಮನೇಲೇ ಮಾಡಿದ ಕೆಲಸ" ಅಂದಳು. ಕವಾಟ ನಿಲ್ಲಿಸಿ, ಕಳಚಿಟ್ಟ ಬಾಗಿಲನ್ನು ತಿರುಗಿಸಿದಳು. "ಇದೇನಿದು? ನಿಮಗೆ ಬರೆದಿರೋದಾ?"

ಹಲಗೆಯ ಹಿಂಬದಿಯಲ್ಲಿ ಪೆನ್ಸಿಲ್ ಅಕ್ಷರ. ಅವನದು. ನಾನೇ ತಿದ್ದಿಸಿದ ಅಕ್ಷರ, ನನಗೆ ಗೊತ್ತಾಗದೆ ಇರುತ್ತದೆಯೇ.

ಸೆಪ್ಟೆಂಬರ್ 20. ಗುಳ್ಳೆ ಇಲ್ಲ.
ಸೆಪ್ಟೆಂಬರ್ 27. ಗುಳ್ಳೆ ಇಲ್ಲ. ಅತ್ತಿಗೆ ಜಾಲರಿ ಮುಚ್ಚಿದ್ದರು.
ಅಕ್ಟೋಬರ್ 4. ಇಲ್ಲ.
ಅಕ್ಟೋಬರ್ 11. ಒಂದು ಗುಳ್ಳೆ. ಮತ್ತೆ ಒಂದು. ಅಣ್ಣಾ, ಅತ್ತಿಗೆಗೆ ಹೇಗೆ ಹೇಳಲಿ?

ಅವನೂ ತನ್ನ ಅಣ್ಣನ ಜೊತೆ ಮಾತಾಡುತ್ತಿದ್ದ. ನಾನು ಇಲ್ಲಿ ಬರೆಯುತ್ತಿದ್ದೆ, ಅವನು ಗೋಡೆಯ ಹಿಂದೆ.

ಜೌರೆ ಮೇಜಿನ ಹತ್ತಿರ ಕಾಗದ ಹರವಿದಳು. "ಅಮ್ಮ, ನಾನು ಬರೆಯದೆ ಇರೋಕಾಗಲ್ಲ. ಅನುಮತಿಯಿಲ್ಲದೆ ಪೈಪಿನ ತುದಿ ಕಟ್ಟಿದ್ದು ಯಾರು ಅಂತ ಒಂದು ಹೆಸರು ಬೇಕು. ದೂರಿನಲ್ಲಿರೋದು ಒಂದೇ ಹೆಸರು. ಅದನ್ನೇ ಬರೆದ್ರೆ ಅವರ ಕೆಲಸದ ಲೈಸೆನ್ಸು ಹೋಗುತ್ತೆ. ಇನ್ಮೇಲೆ ಈ ಊರಲ್ಲಿ ಯಾರೂ ಗೋಡೆ ಕೆಲಸ ಕೊಡಲ್ಲ. ಅವರೇ ಕಟ್ಟಿದ್ದಾ?"

ವರ್ಷದ ಊಟಕ್ಕೆ ಇನ್ನು ಒಂಬತ್ತು ದಿನ. ಇದೇ ಮನೆಯೊಳಗೆ, ತೀರಿಹೋದವರ ತಪ್ಪನ್ನು ಅವರ ಸ್ಟೂಲಿನ ಎದುರಿಗೇ ಹೇಳಬೇಕು. ಅವಳ ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು. ಬಾಣಲೆಯ ಎಣ್ಣೆ ತಣ್ಣಗಾಗುತ್ತಿತ್ತು.

"ಅಲ್ಲ. ಕಟ್ಟಿದ್ದು ನನ್ನ ಗಂಡ" ಅಂದೆ. "ಓರಿನ್‌ಬಾಯ್ ಅಂತ ಬರೀರಿ."

"ಎಲ್ಲಿದ್ದಾರೆ?"

"ತೀರಿಕೊಂಡರು. ಅವರು ಯಾರ ಮಾತೂ ಕೇಳ್ತಿರಲಿಲ್ಲ. ಕಚೇರಿಯವರನ್ನ ಕರೀರಿ ಅಂತ ನಾನೂ ಅವತ್ತು ಹೇಳಿದ್ದೆ. ಒಂದು ಸಲ ಹೇಳಿ ಸುಮ್ಮನಾದೆ. ಮೊಂಡರು."

ಆ ಮಾತು ಆಡಿದ್ದು ನಾನೇ. ಮನೆ ಬೀಳಲಿಲ್ಲ.

ಜೌರೆ ಬರೆದಳು. ಏಳುವಾಗ ತಟ್ಟೆಯ ಕಡೆ ನೋಡಿದಳು. "ನಾಲ್ಕೇ ಇವೆ. ಏಳು ಆಗ್ಲಿಲ್ಲ."

"ಮೂರು ಹಿಟ್ಟಿನಲ್ಲೇ ಉಳಿದವು. ನೀವೊಂದು ತಗೊಳ್ಳಿ."

ತಗೊಂಡಳು. ಬಾಗಿಲಲ್ಲಿ ನಿಂತು, "ಕವಾಟ ತಿರುಗಿಸಿದ್ದು ಯಾರು ಅಂತ ನಾನು ಕೇಳಲಿಲ್ಲ, ಗೊತ್ತಾಯ್ತಾ?" ಅಂದಳು. ನಾನು ಇಕ್ಕಳವನ್ನು ಪೆಟ್ಟಿಗೆಗೆ ಹಾಕಿ ಬೀಗ ಹಾಕುವವರೆಗೆ ಅವಳು ಕದಲಲಿಲ್ಲ.


ಅಕ್ಟೋಬರ್ 19, ಶನಿವಾರ

ಕಚೇರಿಯ ವೆಲ್ಡರ್ ಬೆಳಿಗ್ಗೆಯೇ ಬಂದ. ಕವಲನ್ನು ಬುಡದಲ್ಲೇ ಕತ್ತರಿಸಿ ಬೆಸೆದ. ಕತ್ತರಿಸಿದ ತುಂಡನ್ನು ನನ್ನ ಕೈಗೆ ಕೊಟ್ಟ. ಮುಚ್ಚಳದ ಕೆಳಗೆ ಒಣಗಿದ ನಾರು ಹುಲ್ಲಿನ ಹಾಗೆ ಚೂರಾಗುತ್ತಿತ್ತು. ಸುತ್ತುಗಳು ಮಾತ್ರ ಒಂದರ ಪಕ್ಕ ಒಂದು, ಅಚ್ಚುಕಟ್ಟು. ಅವರು ಕೆಟ್ಟ ಕೆಲಸ ಮಾಡಿರಲಿಲ್ಲ. ಐದು ವರ್ಷದ ಕೆಲಸ ಮಾಡಿದ್ದರು, ಅಷ್ಟೆ.

ಹನ್ನೊಂದಕ್ಕೆ ಮೈದುನ ಬಂದ, ಜೊತೆಗೆ ತಾನು ಗೊತ್ತುಮಾಡಿದ್ದ ವೆಲ್ಡರ್. ಬಾಗಿಲು ತೆರೆದಾಗ ಅವನ ಬಾಯಲ್ಲಿ ಸುಳ್ಳು ಸಿದ್ಧವಿತ್ತು.

"ಅತ್ತಿಗೆ, ಆ ನಳಿಕೆ ಇದೆಯಲ್ಲ, ಅದಕ್ಕೆ ಇವರನ್ನ..."

ನಾನು ಕತ್ತರಿಸಿದ ತುಂಡು ತೋರಿಸಿದೆ. ಅವನು ಅದನ್ನು ನೋಡಿದ. ನನ್ನ ಹಿಂದೆ ತೆರೆದೇ ಇದ್ದ ಪುಟ್ಟ ಬಾಗಿಲನ್ನು ನೋಡಿದ. ಕಿವಿಯವರೆಗೂ ಕೆಂಪಾದ. ಒಂಬತ್ತು ವರ್ಷದವನಿದ್ದಾಗ ಸಕ್ಕರೆ ಕದ್ದು ಸಿಕ್ಕಿಬಿದ್ದಾಗ ಹೀಗೇ ನಿಲ್ಲುತ್ತಿದ್ದ.

"ಯಾಕೋ ಹೇಳಲಿಲ್ಲ?"

"ನಾನು ಸತ್ತ ಮೇಲೆ ಬಿಚ್ಚು ಅಂದಿದ್ರಿ."

"ಅಂದೆ."

"ಆಮೇಲೆ... ಅಣ್ಣನ ಕೆಲಸ ಸೋರ್ತಿದೆ ಅಂತ ನಿಮ್ಮ ಮುಂದೆ ಹೇಗೆ ಅನ್ಲಿ? ಅದಕ್ಕಿಂತ ನನ್ನ ಗೋಡೆನೇ ಕೆಟ್ಟದು ಅಂತ ನೀವು ಅಂದ್ಕೊಂಡಿದ್ರೆ ವಾಸಿ ಅನ್ನಿಸ್ತು."

"ಅಂದ್ಕೊಂಡೆ. ಫೋನ್ ಮಾಡಿ ನಿನ್ನ ಹೆಸರನ್ನೂ ಕೊಟ್ಟೆ."

"ಗೊತ್ತು. ನಿನ್ನೆ ಕಚೇರಿಯಿಂದ ನಂಗೂ ಫೋನ್ ಬಂದಿತ್ತು. ದೂರಿನಲ್ಲಿ ನನ್ನ ಹೆಸರು ತೆಗೆದ್ರು ಅಂತ ಮಾತ್ರ ಅಂದ್ರು, ಗೋಡೆ ಬಿಚ್ಚಿ ನೋಡಿದ್ದು ಹೇಳಲಿಲ್ಲ."

ಅವನ ವೆಲ್ಡರ್ ಮೆಟ್ಟಿಲ ಮೇಲೆ ಕಾದು ಕಾದು ಕೆಮ್ಮಿದ. "ಅಮ್ಮಾ, ಕೆಲಸ ಇಲ್ಲಾ ಅಂದ್ರೆ ಚಹಾನಾದ್ರೂ ಇದ್ಯಾ?"

"ಒಳಗೆ ಬನ್ನಿ. ಬಾರೋ ಜುಟ್ಟಪ್ಪ, ನೀನೂ ಬಾ" ಅಂದೆ. ಅವನು ಬಾಗಿಲಲ್ಲೇ ಶೂ ಕಟ್ಟು ಬಿಚ್ಚುತ್ತಾ ಬಗ್ಗಿದವನು ಬಹಳ ಹೊತ್ತು ಏಳಲೇ ಇಲ್ಲ. ಕಟ್ಟು ಗಂಟಾಗಿತ್ತೋ ಏನೋ.

ಮೂರು ರೊಟ್ಟಿಯ ಹಿಟ್ಟು ಫ್ರಿಜ್ಜಿನಲ್ಲಿತ್ತು. ಅವನು ಜೇಬಿನಿಂದ ಹಿಡಿ ತೆಗೆದು ಕವಾಟಕ್ಕೆ ಕೂರಿಸಿದ, ನಾನು ಕರಿದೆ.


ಅಕ್ಟೋಬರ್ 28, ಸೋಮವಾರ

ವರ್ಷದ ಊಟ ನಮ್ಮ ಮನೆಯಲ್ಲೇ ಆಯಿತು. ಎಪ್ಪತ್ತು ಜನ. ಜಿಬೆಕ್ ಎರಡು ದಿನ ನಿಂತ ಕಾಲಲ್ಲೇ ದುಡಿದಳು. ಗೋಡೆ ಚೆನ್ನಾಗಿದೆ ಎಂದು ಅತಿಥಿಗಳೆಲ್ಲ ಹೇಳಿದರು. ಜಾಲರಿ ಯಾಕೆ ಅಂತ ಒಬ್ಬ ಮುದುಕ ಕೇಳಿದಾಗ ನಾನೇ ವಿವರಿಸಿದೆ. ಅಂಗಡಿಯವಳ ಹಾಗೆ ವಿವರಿಸಿದೆ ಅಂತ ಗುಲ್ಸುಮ್ ಅಜ್ಜಿ ನಕ್ಕಳು. ಆಮೇಲೆ, ವರ್ಷ ಮುಗಿಯಿತಲ್ಲ ಎಂದು, ಅವರ ಮೊಂಡತನದ ಕಥೆ ಒಂದೊಂದಾಗಿ ಬಿಚ್ಚಿದಳು. ಬಾಯ್ಲರ್ ಕಥೆಯನ್ನೂ ಹೇಳಿದಳು. ಎಲ್ಲರೂ ನಕ್ಕರು. ನಕ್ಕು ನಕ್ಕು ನನಗೂ ಹೊಟ್ಟೆ ನೋಯಿತು.


ನವೆಂಬರ್ 1, ಶುಕ್ರವಾರ

ಏಳು ಕರಿದೆ. ಜುಟ್ಟಪ್ಪ ಹೊಸ ಅಂಗಿ ಹಾಕಿಕೊಂಡು ಬಂದ. ಕಿಟಕಿಯ ಸ್ಟೂಲಿನ ಮೇಲೆ ಕುಳಿತು ಎರಡು ರೊಟ್ಟಿ ತಿಂದ. ಬೆಸೆದ ಮೇಲೆ ಇನ್ನೇನು ನೋಡುವುದಿದೆ, ಸುಮ್ಮನೆ ಅಭ್ಯಾಸ ಅಂದ. ಆದರೂ ನಾನು ಸ್ಕ್ರೂ ಬಿಚ್ಚಿದೆ, ಅವನು ನೊರೆ ಬಳಿದ. ಇಬ್ಬರೂ ಮೊಣಕಾಲೂರಿ ನೋಡಿದೆವು. ನೊರೆ ಸುಮ್ಮನೆ ಕುಳಿತಿತ್ತು. ಪೆನ್ಸಿಲ್ ನನ್ನ ಕೈಗೆ ಕೊಟ್ಟ. ಇವತ್ತಿನ ತಾರೀಖನ್ನು ಅವನ ಸಾಲಿನ ಕೆಳಗೆ ನಾನು ಬರೆದೆ.

ಅವನು ಹೋದ ಮೇಲೆ ಬ್ರಷ್ ತೊಳೆದೆ. ಬಚ್ಚಲುಮನೆಯ ಲೋಟದಲ್ಲಿ ನಿಲ್ಲಿಸಿದೆ. ಅದರಿಂದ ಲೋಟದ ತಳಕ್ಕೆ ನೀರು ಇನ್ನೂ ಇಳಿಯುತ್ತಿದೆ.